ಅಬ್ಬಿ ನೀರಿನ ಅಳತೆ: ಸೊನ್ನೆ ಎಲ್ಲಿದೆ ಅಂತ ಹುಡುಕಿದ್ದು

ಡಿಸೆಂಬರ್, ಎರಡನೇ ಭಾನುವಾರ

ಶಿರಸಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಮೇಲಿನ ಗುಡ್ಡದಿಂದ ಅಬ್ಬಿ ನೀರು ಬರುತ್ತದೆ. ಪ್ರತಿ ಬೇಸಿಗೆ ಅಪ್ಪ "ಹೋದ ವರ್ಷಕ್ಕಿಂತ ಕಮ್ಮಿ" ಅನ್ನುತ್ತಾರೆ. ಎಷ್ಟು ಕಮ್ಮಿ ಅಂತ ಕೇಳಿದರೆ, ಕಾಲುವೆಯಲ್ಲಿ ನಿಂತು ಪಾದ ಎಲ್ಲಿವರೆಗೆ ಮುಳುಗಿದೆ ಅಂತ ತೋರಿಸುತ್ತಾರೆ. ಅವರ ಕಣ್ಣಳತೆಯ ಮೇಲೆ ನನಗೆ ನಂಬಿಕೆ ಇದೆ. ಆದರೆ ಅದನ್ನು ಮುಂದಿನ ವರ್ಷಕ್ಕೆ ಬರೆದಿಡಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಈ ಸಲ ಕಾಲುವೆಗೆ ಅಡ್ಡವಾಗಿ ಒಂದು ವಿ-ನಾಚ್ ಕೂರಿಸಿದೆ, ಅಂದರೆ ನೀರಿನ ಹರಿವು ಅಳೆಯಲು V ಆಕಾರದ ಕಚ್ಚು ಕೊಯ್ದ ತಗಡು.

3 ಮಿ.ಮೀ. ಅಲ್ಯೂಮಿನಿಯಂ ತಗಡು. ಮಧ್ಯದಲ್ಲಿ 90 ಡಿಗ್ರಿಯ ಕಚ್ಚು. ನೀರು ಹೊರಬೀಳುವ ಕಡೆಯಿಂದ ಅರ ಹಿಡಿದು ಉಜ್ಜಿ, ಅಂಚನ್ನು 1 ಮಿ.ಮೀ.ಗೆ ಇಳಿಸಿದೆ. ಅಂಚು ಚೂಪಾಗಿದ್ದರೆ ನೀರು ತಗಡಿಗೆ ತಾಗದೆ ಚಿಮ್ಮಿ ಬೀಳುತ್ತದೆ. ಸುತ್ತ ಟಾರ್ಪಾಲ್ ಹೊದಿಸಿ ಜೇಡಿಮಣ್ಣು ಮೆತ್ತಿದೆ. ಸೋರಿಕೆ ನಿಲ್ಲಿಸುವುದರಲ್ಲೇ ಅರ್ಧ ದಿನ ಹೋಯಿತು.

ಲೆಕ್ಕ ಹೀಗಿದೆ. ಕಚ್ಚಿನ ತುದಿಯಿಂದ (V ಕೆಳಗೆ ಕೂಡುವ ಜಾಗದಿಂದ) ಮೇಲಕ್ಕೆ ನೀರು ಎಷ್ಟು ಎತ್ತರ ನಿಂತಿದೆ ಅಂತ ಮೀಟರ್‌ನಲ್ಲಿ ನೋಡಬೇಕು. ಆ ಎತ್ತರದ 2.5ನೇ ಘಾತವನ್ನು 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಹರಿಯುತ್ತಿದೆ ಅಂತ ಸಿಗುತ್ತದೆ. 2.5 ಎಲ್ಲಿಂದ ಬಂತು ಅಂದರೆ, ನೀರು ದಾಟುವ ತ್ರಿಕೋನದ ವಿಸ್ತೀರ್ಣ ಎತ್ತರದ ವರ್ಗದಂತೆ ಬೆಳೆಯುತ್ತದೆ, ವೇಗ ವರ್ಗಮೂಲದಂತೆ. ಎರಡೂ ಸೇರಿ ಎರಡೂವರೆ. 19ನೇ ಶತಮಾನದಲ್ಲಿ ಈ ಕಚ್ಚನ್ನು ಪರೀಕ್ಷೆ ಮಾಡಿ ಬಳಕೆಗೆ ತಂದವರು ಬೆಲ್‌ಫಾಸ್ಟ್‌ನಲ್ಲಿ ಪ್ರೊಫೆಸರ್ ಆಗಿದ್ದ ಜೇಮ್ಸ್ ಥಾಮ್ಸನ್. ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಅವರ ಅಣ್ಣ. ಒಂದು ತಗಡು, ಒಂದು ಸ್ಕೇಲು, ಅಷ್ಟೇ. ನನಗೆ ಇದು ತುಂಬಾ ಇಷ್ಟವಾದ ಉಪಕರಣ.

ಸ್ಕೇಲನ್ನು ತಗಡಿಗೇ ಅಂಟಿಸಬಾರದು. ಕಚ್ಚಿನ ಹತ್ತಿರ ನೀರಿನ ಮೇಲ್ಮೈ ಬಗ್ಗುತ್ತದೆ. ಎತ್ತರದ ನಾಲ್ಕು ಪಟ್ಟಾದರೂ ಹಿಂದೆ ಹೋಗಿ ಅಳೆಯಬೇಕು. ನಾನು 60 ಸೆಂ.ಮೀ. ಹಿಂದೆ ಗೂಟ ಹೊಡೆದು ಸ್ಕೇಲು ಕಟ್ಟಿದೆ.

ಸೊನ್ನೆ, ಅಂದರೆ ಕಚ್ಚಿನ ತುದಿಯ ಮಟ್ಟ ಸ್ಕೇಲಿನಲ್ಲಿ ಎಲ್ಲಿ ಬರುತ್ತದೆ ಅಂತ ಗುರುತಿಸಲು ಮೇಲಿನ ಕಟ್ಟ ಮುಚ್ಚಿದೆ. ನೀರು ನಿಧಾನಕ್ಕೆ ಇಳಿಯಿತು. ಕಚ್ಚಿನಿಂದ ಹರಿಯುವುದು ನಿಂತ ಕ್ಷಣ ಸ್ಕೇಲಿನಲ್ಲಿ ಗುರುತು ಹಾಕಿದೆ. ಕಟ್ಟ ಬಿಚ್ಚಿದ ಮೇಲೆ ಬಂದದ್ದು 6.75 ಸೆಂ.ಮೀ. ಅಂದರೆ ಸೆಕೆಂಡಿಗೆ 1.63 ಲೀಟರ್.

ಮೂರನೇ ಭಾನುವಾರ

ಒಂದೇ ಅಳತೆಯನ್ನು ನಂಬುವುದು ಬೇಡ ಅನ್ನಿಸಿತು. ಕೆಳಗೆ ಕಾಲುವೆ ನೇರ ಇರುವ 5 ಮೀಟರ್ ಜಾಗದಲ್ಲಿ ಕಿತ್ತಳೆ ಸಿಪ್ಪೆಯ ಚೂರು ತೇಲಿಬಿಟ್ಟೆ. ಹತ್ತು ಸಲದ ಸರಾಸರಿ 42 ಸೆಕೆಂಡ್. ಅಗಲ 40 ಸೆಂ.ಮೀ., ಆಳ ಸುಮಾರು 6. ಮೇಲ್ಮೈ ವೇಗಕ್ಕಿಂತ ಸರಾಸರಿ ವೇಗ ಕಮ್ಮಿ ಇರುತ್ತದೆ ಅಂತ ಎಲ್ಲರೂ 0.85ರಿಂದ ಗುಣಿಸುತ್ತಾರೆ. ಹಾಗೆ ಮಾಡಿದರೆ 2.4 ಲೀಟರ್ ಬಂತು. 1.63 ಎಲ್ಲಿ, 2.4 ಎಲ್ಲಿ!

ಇಬ್ಬರ ಜಗಳಕ್ಕೆ ಮೂರನೆಯವರು ಬೇಕಾಯಿತು. ಅದು ಉಪ್ಪು.

ಉಪ್ಪಿನ ವಿಧಾನಕ್ಕೆ ಕಾಲುವೆಯ ಅಗಲ, ಆಳ ಯಾವುದೂ ಬೇಡ. ಅದೇ ಅದರ ಸೊಗಸು. ತೂಕ ಮಾಡಿದ ಉಪ್ಪನ್ನು ಬಕೆಟ್ ನೀರಿನಲ್ಲಿ ಕರಗಿಸಿ ಒಮ್ಮೆಲೇ ಮೇಲೆ ಸುರಿಯಬೇಕು. ಚೆನ್ನಾಗಿ ಬೆರೆಯುವಷ್ಟು ದೂರ ಕೆಳಗೆ ಹೋಗಿ, ಉಪ್ಪಿನಂಶ ಏರಿ ಇಳಿಯುವುದನ್ನು ಬರೆದುಕೊಳ್ಳಬೇಕು. ನೀರು ಜಾಸ್ತಿ ಇದ್ದರೆ ಉಪ್ಪು ತೆಳುವಾಗುತ್ತದೆ. ಏರಿಳಿತದ ಗೆರೆಯ ಕೆಳಗಿನ ವಿಸ್ತೀರ್ಣದಿಂದ ಉಪ್ಪಿನ ತೂಕವನ್ನು ಭಾಗಿಸಿದರೆ ಹರಿವು ಸಿಗುತ್ತದೆ.

ಕುಡಿಯುವ ನೀರಿನಲ್ಲಿ ಕರಗಿದ ಲವಣ ನೋಡುವ ಟಿಡಿಎಸ್ ಮೀಟರ್ ಸಾಕಾಯಿತು. ಆದರೆ ಅದು ಉಪ್ಪನ್ನು ತೂಗುವುದಿಲ್ಲ. ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಅಂದಾಜಿಸುತ್ತದೆ. ಹಾಗಾಗಿ ಮೊದಲು 1 ಲೀಟರ್ ಅಬ್ಬಿ ನೀರಿಗೆ ಸ್ವಲ್ಪ ಸ್ವಲ್ಪ ಉಪ್ಪು ತೂಗಿ ಹಾಕಿ, ಮೀಟರಿನ ಅಂಕಿಗೂ ನಿಜವಾದ ಗ್ರಾಮಿಗೂ ಒಂದು ಪಟ್ಟಿ ಮಾಡಿಕೊಂಡೆ. ಆಮೇಲೆ 100 ಗ್ರಾಂ ಸುರಿದೆ. ಅಕ್ಕನ ಮಗಳು ಪ್ರತಿ 5 ಸೆಕೆಂಡಿಗೆ ಅಂಕಿ ಓದಿದಳು. "ಮಾಮಾ, ಏರ್ತಾ ಇದೆ, ಇನ್ನೂ ಏರ್ತಾ ಇದೆ" ಅಂತ ಅವಳು ಕೂಗುವಾಗ ನನ್ನ ಕೈ ನಡುಗುತ್ತಿತ್ತು. ಕಣ್ಣಿಗೆ ಕಾಣದ ಉಪ್ಪು ಸರಿಯಾಗಿ ನಮ್ಮ ಮುಂದೆ ಹಾದುಹೋಗುತ್ತಿತ್ತು!

ಮೂರು ಸಲ ಮಾಡಿದೆವು. ಸೆಕೆಂಡಿಗೆ 1.76, 1.83, 1.79 ಲೀಟರ್.

ಸಿಪ್ಪೆಯ ತಪ್ಪು ಬೇಗ ಅರ್ಥವಾಯಿತು. ನಮ್ಮ ಕಾಲುವೆಯ ತಳದಲ್ಲಿ ಕಲ್ಲು ಜಾಸ್ತಿ, ನೀರಿನ ಆಳ ಕಮ್ಮಿ. ಇಂಥಲ್ಲಿ 0.85 ನಡೆಯುವುದಿಲ್ಲ. ಉಪ್ಪಿನ ಲೆಕ್ಕಕ್ಕೆ ಹೊಂದಿಸಿದರೆ ಸುಮಾರು 0.63 ಆಗುತ್ತದೆ. ಆದರೆ ತಗಡು ಯಾಕೆ ಕಮ್ಮಿ ತೋರಿಸಿತು? ಎರಡು ದಿನ ಇದೇ ತಲೆಯಲ್ಲಿ ಕೊರೆಯುತ್ತಿತ್ತು.

ಕ್ರಿಸ್‌ಮಸ್ ರಜೆ

ಕಾರಣ ಸಿಕ್ಕಿತು. ಕಟ್ಟ ಮತ್ತೆ ಮುಚ್ಚಿ, ಕಚ್ಚಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಹರಿವು ನಿಂತಿದೆ. ಆದರೆ ನೀರು ತುದಿಗಿಂತ ಮೇಲೇ ಇದೆ! ಮೇಲ್ಮೈ ಸೆಳೆತದಿಂದ ಅಂಚಿಗೆ ಕಚ್ಚಿಕೊಂಡು, ಉಬ್ಬಿ ನಿಂತಿದೆ. ಅಂದರೆ ನಾನು ಸೊನ್ನೆ ಅಂತ ಗುರುತು ಹಾಕಿದ್ದು ಸೊನ್ನೆಯೇ ಅಲ್ಲ.

ನೀರನ್ನು ಬಿಟ್ಟು ಲೋಹದಿಂದಲೇ ಸೊನ್ನೆ ಹುಡುಕಿದೆ. 20 ಮಿ.ಮೀ. ದಪ್ಪದ ದುಂಡು ಸರಳನ್ನು ಕಚ್ಚಿನಲ್ಲಿ ಕೂರಿಸಿದೆ. 90 ಡಿಗ್ರಿ ಕಚ್ಚಿನಲ್ಲಿ ಅದರ ನೆತ್ತಿ ತುದಿಯಿಂದ 24.1 ಮಿ.ಮೀ. ಮೇಲೆ ಇರಲೇಬೇಕು. ಸರಳಿನ ನೆತ್ತಿಯಿಂದ ಗೂಟದವರೆಗೆ ರಸಮಟ್ಟ ಇಟ್ಟು ಗೆರೆ ಎಳೆದೆ. ರಸಮಟ್ಟದ್ದೇ ತಪ್ಪಿದ್ದರೆ ಕಳೆಯಲಿ ಅಂತ ಅದನ್ನು ತಿರುಗಿಸಿಟ್ಟು ಇನ್ನೊಂದು ಗೆರೆ ಎಳೆದು, ಎರಡರ ಮಧ್ಯ ಹಿಡಿದೆ. ಅಲ್ಲಿಂದ 24.1 ಕೆಳಗೆ ನಿಜವಾದ ಸೊನ್ನೆ.

ಹಳೇ ಗುರುತು 3 ಮಿ.ಮೀ. ಮೇಲಿತ್ತು. ಆ ದಿನದ 6.75 ನಿಜಕ್ಕೂ 7.05. ಹರಿವು 1.82 ಲೀಟರ್. ಉಪ್ಪು ಹೇಳಿದ್ದೂ ಹೆಚ್ಚುಕಮ್ಮಿ ಅದೇ. ಎರಡೂವರೆ ಘಾತ ಇರುವುದರಿಂದ ಎತ್ತರದಲ್ಲಿ ನೂರಕ್ಕೆ 1 ತಪ್ಪಿದರೆ ಹರಿವಿನಲ್ಲಿ ಎರಡೂವರೆ ತಪ್ಪುತ್ತದೆ. 3 ಮಿ.ಮೀ.ಗೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ನೀರು ಲೆಕ್ಕದಿಂದ ಮಾಯವಾಗಿತ್ತು.

ಅಪ್ಪನಿಗೆ ದಿನದ ಲೆಕ್ಕ ಹೇಳಿದೆ: 1 ಲಕ್ಷ 57 ಸಾವಿರ ಲೀಟರ್. ಅವರು ಸ್ವಲ್ಪ ಹೊತ್ತು ಸುಮ್ನೆ ಕಾಲುವೆ ನೋಡುತ್ತಾ ನಿಂತರು. ಆಮೇಲೆ, "ಶಿವರಾತ್ರಿ ದಿನ ಎಷ್ಟು ಬರುತ್ತೆ, ಅದನ್ನೂ ಬರೆದಿಡು" ಅಂದರು.

ಜನವರಿ

ವಾರಕ್ಕೊಮ್ಮೆ ಓದುತ್ತಿದ್ದೇನೆ. 6.5 ಸೆಂ.ಮೀ.ಗೆ ಇಳಿದಾಗ 1.49 ಲೀಟರ್, ಈಗ 6.1ಕ್ಕೆ 1.27. ಇನ್ನು ಹೊಸ ತೊಂದರೆ ಬರಲಿದೆ. 5-6 ಸೆಂ.ಮೀ.ಗಿಂತ ಕೆಳಗೆ ನೀರು ಚಿಮ್ಮುವುದನ್ನು ಬಿಟ್ಟು ತಗಡಿಗೆ ಅಂಟಿಕೊಂಡು ಜಾರುತ್ತದೆ. ಆಗ ಸೂತ್ರ ನಡೆಯುವುದಿಲ್ಲ. ಅದಕ್ಕೆ ಕಿರಿದಾದ ಕಚ್ಚು ಬೇಕು. ಅದೇ ಎತ್ತರಕ್ಕೆ ಅಗಲ ಅರ್ಧ ಇದ್ದರೆ, 1 ಲೀಟರ್ ಹರಿವಿಗೆ 5.5 ಬದಲು 7.3 ಸೆಂ.ಮೀ. ನಿಲ್ಲುತ್ತದೆ. ತಗಡು ತಂದಾಗಿದೆ. ಈ ಭಾನುವಾರ ಕೊಯ್ಯುತ್ತೇನೆ. ಕೋನ ಬೇರೆ ಆಗಿರುವುದರಿಂದ ಸರಳಿನ 24.1 ಇಲ್ಲಿ ಬರುವುದಿಲ್ಲ. 32.4 ಅಂತ ತಗಡಿನ ಮೂಲೆಯಲ್ಲಿ ಈಗಲೇ ಗೀಚಿಟ್ಟಿದ್ದೇನೆ.