ಗಾಯ ಮಾಯುವ ಕಾಲದ ಚಿಂತೆ

ಅಮೆರಿಕದ ಅಂತರ್ಯುದ್ಧದ (1861–65) ಸೈನಿಕರು ಮನೆಗೆ ಬರೆದ ಕಾಗದಗಳನ್ನು ನಾನು ಬಹಳ ದಿನದಿಂದ ಓದುತ್ತಿದ್ದೇನೆ. ಅದು ಗೊತ್ತಾದವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಗುಂಡು ತಗುಲಿ ಆಸ್ಪತ್ರೆ ಸೇರಿದವನು ಜೀವ ಉಳಿಸಿಕೊಂಡ ಮೇಲೆ ಅವನಿಗೆ ಇನ್ನೇನು ಚಿಂತೆ? ಮಲಗಿ ಸುಧಾರಿಸಿಕೊಂಡರಾಯಿತಲ್ಲ?"

ಸುಧಾರಿಸಿಕೊಳ್ಳುವುದೇ ಅವನ ಚಿಂತೆ. ವಾಸಿಯಾದರೆ ಮತ್ತೆ ರೆಜಿಮೆಂಟಿಗೆ, ಅದೇ ಗುಂಡಿನ ಮಳೆಗೆ. ವಾಸಿಯಾಗದಿದ್ದರೆ ಊರಿಗೆ, ಆದರೆ ನೇಗಿಲು ಹಿಡಿಯಲಾಗದ ಮಗನಾಗಿ. ಎರಡರಲ್ಲಿ ಯಾವುದಕ್ಕಾಗಿ ದೇವರನ್ನು ಬೇಡಿಕೊಳ್ಳಬೇಕು?

ವಾರ್ಡಿನಲ್ಲಿ ಮಲಗಿರುವುದೂ ಸುರಕ್ಷಿತವಾಗಿರಲಿಲ್ಲ. ಆ ಯುದ್ಧದಲ್ಲಿ ಸತ್ತ ಮೂವರಲ್ಲಿ ಸುಮಾರು ಇಬ್ಬರನ್ನು ಕೊಂದದ್ದು ಗುಂಡಲ್ಲ, ಭೇದಿ, ಟೈಫಾಯ್ಡ್‌ನಂಥ ಕಾಯಿಲೆ. ರೋಗಾಣುಗಳ ಅರಿವಿಲ್ಲದ ಕಾಲ. ಒಬ್ಬನ ಗಾಯ ಒರೆಸಿದ ಸ್ಪಂಜಿನಿಂದಲೇ ಪಕ್ಕದವನ ಗಾಯವನ್ನೂ ಒರೆಸುತ್ತಿದ್ದರು.

ಇನ್ನು ದುಡ್ಡು. ಕೇಂದ್ರ ಸರ್ಕಾರದ ಪರ ಕಾದಿದ ಉತ್ತರದ ಸೈನ್ಯದ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸಿಪಾಯಿಗೆ 1864ರವರೆಗೂ 10, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಹಿಡಿದುಕೊಳ್ಳುತ್ತಿದ್ದರು. ಈ ಅನ್ಯಾಯ ಓದಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಆಸ್ಪತ್ರೆಯಲ್ಲಿದ್ದವನಿಗೆ ಆ ಸಂಬಳ ಸಿಗಬೇಕಾದರೆ ಅವನ ಲೆಕ್ಕಪತ್ರದ ವಿವರಪಟ್ಟಿ ಅವನ ಕಂಪನಿಯಿಂದ, ಅಂದರೆ ಅವನಿದ್ದ ಸೈನ್ಯದ ತುಕಡಿಯಿಂದ, ಬರಬೇಕಿತ್ತು. ಕಂಪನಿ ಎಲ್ಲೋ ಕೆಸರಿನಲ್ಲಿ ನಡೆಯುತ್ತಿದೆ. ಪಟ್ಟಿ ಬರುವುದಿಲ್ಲ, ತಿಂಗಳುಗಳು ಉರುಳುತ್ತವೆ. ಇತ್ತ ಮನೆಯಲ್ಲಿ ಹೆಂಡತಿ ಮಕ್ಕಳು ಆ ದುಡ್ಡಿನ ದಾರಿ ಕಾಯುತ್ತಿದ್ದಾರೆ. ಅಂಚೆಚೀಟಿಗೂ ಕಾಸಿಲ್ಲದವನು "ಸೈನಿಕನ ಕಾಗದ" ಎಂದು ಬರೆಸಿ ಕಳಿಸಿದರೆ, ಅಂಚೆ ಖರ್ಚನ್ನು ಮನೆಯವರೇ ಕೊಟ್ಟು ಬಿಡಿಸಿಕೊಳ್ಳಬೇಕು.

ಮರ್ಯಾದೆಯ ಚಿಂತೆ ಬೇರೆ. ಕದನಕ್ಕೆ ಆಗದಿದ್ದರೂ ಕಾವಲಿಗೆ, ಆಸ್ಪತ್ರೆಯ ಕೆಲಸಕ್ಕೆ ಆಗುವವರನ್ನು ಸೇರಿಸಿ 1863ರಲ್ಲಿ ಇನ್ವ್ಯಾಲಿಡ್ ಕೋರ್ ಎಂಬ ದಳ ಕಟ್ಟಿದರು. ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು ಐ.ಸಿ. ಕೆಟ್ಟ ಮಾಂಸದ ಪೀಪಾಯಿಗೆ, ಕೆಲಸಕ್ಕೆ ಬಾರದ ಕುದುರೆಗೆ "ಪರೀಕ್ಷಿಸಿ ತಿರಸ್ಕರಿಸಿದ್ದು" ಎಂದು ಸರ್ಕಾರ ಹಾಕುತ್ತಿದ್ದ ಮುದ್ರೆಯೂ ಐ.ಸಿ. ಕಾಲು ಕೊಟ್ಟು ಬಂದವನು ಆ ಗೇಲಿಯನ್ನೂ ಕೇಳಿಸಿಕೊಳ್ಳಬೇಕಾಯಿತು. ಮರುವರ್ಷ ದಳದ ಹೆಸರನ್ನೇ ಬದಲಿಸಿದರು.

ಪೂರ್ತಿ ಅಂಗವಿಕಲನಾದ ಸಿಪಾಯಿಗೆ 1862ರ ಕಾನೂನಿನಂತೆ ತಿಂಗಳಿಗೆ 8 ಡಾಲರ್ ಪಿಂಚಣಿ. ಅಷ್ಟರಲ್ಲಿ ಸಂಸಾರ ನಡೆಯುವುದು ಕಷ್ಟ, ದುಡಿಮೆ ಬೇಕು. ಯುದ್ಧ ಮುಗಿದ ವರ್ಷ ನ್ಯೂಯಾರ್ಕಿನ ಪತ್ರಿಕಾ ಸಂಪಾದಕ ವಿಲಿಯಂ ಓಲಂಡ್ ಬೋರ್ನ್, ಬಲಗೈ ಕಳೆದುಕೊಂಡ ಸೈನಿಕರಿಗಾಗಿ ಎಡಗೈ ಬರವಣಿಗೆಯ ಸ್ಪರ್ಧೆ ಏರ್ಪಡಿಸಿದ. ಅಕ್ಷರ ದುಂಡಗಾದರೆ ಗುಮಾಸ್ತಿಕೆಯಾದರೂ ಸಿಕ್ಕೀತೆಂಬ ಆಸೆ. ಬಂದ ಹಾಳೆಗಳು ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿ ಇವತ್ತಿಗೂ ಇವೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಈ ಪ್ರಶ್ನೆ ಕೇಳಿದವರಿಗೆ ನಾನು ಕೊನೆಗೆ ತೋರಿಸುವುದು ಅವನ್ನೇ. ಗೆರೆ ಎಳೆದುಕೊಂಡು, ಶಾಲೆಯ ಹುಡುಗರಂತೆ ಒಂದೊಂದೇ ಅಕ್ಷರ ತಿದ್ದಿ ಬರೆದ ಹಾಳೆಗಳು ಅವು.