ಮೂರು ಮನೆ ಜಾಸ್ತಿ ಕೇಳಿ ಏಳು ಮನೆ ಕಳೆಯುತ್ತಿದ್ದೆ

ಕಾರವಾರದಲ್ಲಿ ಕೂತು ನಾನು ಲಾಸ್ ಏಂಜಲೀಸ್‌ನ ಕಟ್ಟಡಗಳಿಗೆ ನಕ್ಷೆ ಮಾಡುತ್ತೇನೆ. ಕಾಜುಬಾಗದ ನಮ್ಮ ಆಫೀಸಿನಲ್ಲಿ ಐದು ಜನ ಇದ್ದೇವೆ. ಅಲ್ಲಿನ ಆರ್ಕಿಟೆಕ್ಟ್ ಒಂದು ಜಾಗದ ಅಳತೆ ಕಳಿಸುತ್ತಾರೆ. ಅದರಲ್ಲಿ ಎಷ್ಟು ಮನೆ ಹಿಡಿಸುತ್ತದೆ, ಎಷ್ಟು ಕಾರು ನಿಲ್ಲುತ್ತದೆ, ಎಷ್ಟು ಮಹಡಿ ಏರಿಸಬಹುದು ಅಂತ ನಾವು ಲೆಕ್ಕ ಹಾಕಿ ಕೊಡಬೇಕು. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಕ್ಯಾಲಿಫೋರ್ನಿಯಾದಲ್ಲಿ 1979ರಿಂದ ಡೆನ್ಸಿಟಿ ಬೋನಸ್ ಅನ್ನುವ ಕಾನೂನು ಇದೆ. ಬಿಲ್ಡರ್ ಒಂದಿಷ್ಟು ಮನೆಗಳನ್ನು ಬಡವರಿಗೆ ಕಡಿಮೆ ಬಾಡಿಗೆಗೆ ಕೊಡುತ್ತೇನೆ ಅಂತ ಒಪ್ಪಿದರೆ, ಆ ಜಾಗದಲ್ಲಿ ನಿಯಮಕ್ಕಿಂತ ಹೆಚ್ಚು ಮನೆ ಕಟ್ಟಲು ಬಿಡುತ್ತಾರೆ. ಇದಕ್ಕೆ ನಗರಾಡಳಿತ ಕೈಯಿಂದ ದುಡ್ಡು ಹಾಕಬೇಕಾಗಿಲ್ಲ. ಹೆಚ್ಚುವರಿ ಮನೆಗಳಿಂದ ಬರುವ ಬಾಡಿಗೆ ಅಗ್ಗದ ಮನೆಗಳ ನಷ್ಟವನ್ನು ತುಂಬಬೇಕು. ಅಷ್ಟೇ ಅದರ ಗುಟ್ಟು. ತುಂಬಲಿಲ್ಲ ಅಂದರೆ ಬಿಲ್ಡರ್ ಬೋನಸ್ಸೇ ಬೇಡ ಅನ್ನುತ್ತಾನೆ.

ಅವತ್ತು ಬಂದ ಜಾಗದಲ್ಲಿ ನಿಯಮದ ಪ್ರಕಾರ 43 ಮನೆ ಕಟ್ಟಬಹುದಿತ್ತು. ಅದರಲ್ಲಿ ಶೇಕಡಾ 15ರಷ್ಟನ್ನು ತೀರಾ ಕಡಿಮೆ ಆದಾಯದವರಿಗೆ ಕೊಟ್ಟರೆ ಶೇಕಡಾ 50 ಬೋನಸ್. ತೀರಾ ಕಡಿಮೆ ಅಂದರೆ, ಆ ಭಾಗದ ನಡುಮಟ್ಟದ ಕುಟುಂಬ ದುಡಿಯುವುದರಲ್ಲಿ ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ ದುಡಿಯುವವರು. 43ರ ಅರ್ಧ 21.5. ಈ ಕಾನೂನಿನಲ್ಲಿ ಭಿನ್ನ ಬಂದರೆ ಯಾವಾಗಲೂ ಮೇಲಕ್ಕೆ ಏರಿಸಬೇಕು. ಹಾಗಾಗಿ 22. ಒಟ್ಟು 65 ಮನೆ. ಇಲ್ಲಿಯವರೆಗೆ ಸರಿ ಇತ್ತು. ಆಮೇಲೆ ನಾನು ಶೇಕಡಾ 15ನ್ನು 65ರ ಮೇಲೆ ಹಾಕಿದೆ. 9.75 ಬಂತು. 10 ಅಗ್ಗದ ಮನೆ ಅಂತ ಬರೆದು ಕಳಿಸಿದೆ.

ಹಾಕಬೇಕಾದದ್ದು ಮೂಲದ 43ರ ಮೇಲೆ. 6.45 ಬರುತ್ತದೆ, ಅಂದರೆ 7 ಮನೆ.

ಮೂರೇ ಮನೆ ಅಲ್ವಾ ಅನ್ನಿಸಬಹುದು. ಆದರೆ ನನ್ನ ಕಾಗದ ನೋಡಿದ ಬಿಲ್ಡರ್ ಬೋನಸ್ ಬಿಟ್ಟು 43 ಮನೆ ಕಟ್ಟುತ್ತೇನೆ ಅಂದರಂತೆ. ಆಗ ಅಗ್ಗದ ಮನೆ ಒಂದೂ ಇರುತ್ತಿರಲಿಲ್ಲ. ನಾನು ಮೂರು ಜಾಸ್ತಿ ಕೇಳಿದ್ದಕ್ಕೆ ಏಳೂ ಹೋಗುತ್ತಿತ್ತು. ಎರಡು ದಿನದ ನಂತರ ಆರ್ಕಿಟೆಕ್ಟ್ ಮತ್ತೆ ಲೆಕ್ಕ ಹಾಕಿ ತಪ್ಪು ಹಿಡಿದರು. ಆ ಎರಡು ದಿನ ಏಳು ಕುಟುಂಬಗಳ ಮನೆ ನನ್ನ ಒಂದು ಸಾಲಿನ ಮೇಲೆ ನಿಂತಿತ್ತು ಅನ್ನುವುದು ಗೊತ್ತಾದಾಗ ನನಗೆ ನಿಜಕ್ಕೂ ಕೈ ನಡುಗಿತು.

ಇನ್ನೊಂದು ವಿಷಯ ಆಗಲೇ ಗಮನಕ್ಕೆ ಬಂತು. ಲೆಕ್ಕ ಸರಿಯಾದ ಮೇಲೆ ಬಿಲ್ಡರ್ ಹೆಚ್ಚು ಹೊತ್ತು ಮಾತಾಡಿದ್ದು 22 ಬೋನಸ್ ಮನೆಗಳ ಬಗ್ಗೆ ಅಲ್ಲ, ಪಾರ್ಕಿಂಗ್ ಬಗ್ಗೆ. ಈ ಕಾನೂನಿನ ಕೆಳಗೆ ಬಂದ ಕಟ್ಟಡಕ್ಕೆ ಒಂದು ಬೆಡ್‌ರೂಮಿನ ಮನೆಗೆ ಒಂದು ಕಾರಿನ ಜಾಗ, ಎರಡು ಮೂರು ಬೆಡ್‌ರೂಮಿಗೆ ಒಂದೂವರೆ. ಅದಕ್ಕಿಂತ ಜಾಸ್ತಿ ನಗರಾಡಳಿತ ಕೇಳುವಂತಿಲ್ಲ. ಶೇಕಡಾ 15 ಕೊಟ್ಟವರಿಗೆ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಎತ್ತರ ಇಂಥದ್ದರಲ್ಲಿ ಇನ್ನೂ ಮೂರು ವಿನಾಯಿತಿ ಸಿಗುತ್ತದೆ. ಒಂದು ಕಾರಿಗೆ ಓಡಾಡುವ ದಾರಿಯೂ ಸೇರಿ 300 ಚದರ ಅಡಿಗಿಂತ ಹೆಚ್ಚು ಬೇಕು. ನೆಲದ ಕೆಳಗೆ ಒಂದು ಪಾರ್ಕಿಂಗ್ ಮಹಡಿ ಕಟ್ಟುವುದು ತಪ್ಪಿದರೆ ಅದೇ ದೊಡ್ಡ ಬೋನಸ್.

ಇದನ್ನು ನಮ್ಮ ಬಾವನಿಗೆ ಹೇಳಿದೆ. ಅವರು ಇಲ್ಲೇ ಸಣ್ಣ ಸಣ್ಣ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರೆ. ಕಾರವಾರ ಅಂದರೆ ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ, ಉತ್ತರಕ್ಕೆ ಕಾಳಿ ನದಿ, ದಕ್ಷಿಣಕ್ಕೆ ನೌಕಾನೆಲೆ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ತನಕ ಸಿಆರ್‌ಝಡ್, ಅಂದರೆ ಕರಾವಳಿಯಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ನಿಯಮ. ಜಾಗ ಇಷ್ಟು ಕಡಿಮೆ ಇರುವ ಊರಿಗೆ ಈ ಕಾನೂನು ಹೇಳಿ ಮಾಡಿಸಿದ ಹಾಗಿದೆ ಅಂತ ನನ್ನ ಎಣಿಕೆ.

"ಇನ್ನೊಂದು ಮಹಡಿ ಕೊಟ್ರೆ ನಾ ಏನ್ ಮಾಡ್ಲಿ ಮಾರಾಯ್ತಿ? ಕೆಳಗೆ ಕಾರ್ ಎಲ್ಲಿ ನಿಲ್ಸೂದು?" ಅಂದರು ಬಾವ.

ಹಬ್ಬುವಾಡದ ಒಂದು 8 ಗುಂಟೆ ಜಾಗದ ನಕ್ಷೆ ತೋರಿಸಿದರು. ನಮ್ಮ ಎಫ್‌ಎಆರ್, ಅಂದರೆ ಜಾಗದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ, ರಸ್ತೆಯ ಅಗಲ ನೋಡಿ ಸಿಗುತ್ತದೆ. ಸಿಕ್ಕಿದ್ದನ್ನೇ ಅವರಿಗೆ ಪೂರ್ತಿ ಬಳಸಲು ಆಗಿಲ್ಲ. ಸುತ್ತ ಸೆಟ್‌ಬ್ಯಾಕ್ ಬಿಟ್ಟು, ಕೆಳಗೆ ಕಂಬದ ನಡುವೆ ಕಾರು ನಿಲ್ಲಿಸಿದರೆ ಒಂಬತ್ತೇ ಹಿಡಿಸುತ್ತದೆ. ಹಾಗಾಗಿ ಒಂಬತ್ತೇ ಮನೆ. ನೆಲ ಅಗೆಯೋಣ ಅಂದರೆ ಮರಳು ಮಣ್ಣು, ಮಳೆಗಾಲದಲ್ಲಿ ಕೈಗೆ ಸಿಗುವಷ್ಟು ಮೇಲೆ ನೀರು. ಮನೆ ಹೆಚ್ಚಾದರೆ ಸೆಪ್ಟಿಕ್ ಟ್ಯಾಂಕೂ ದೊಡ್ಡದಾಗಬೇಕು, ಬಾವಿಯಿಂದ ದೂರವೂ ಇರಬೇಕು. ಇಂಥವರಿಗೆ ಮೇಲೆ ಮಹಡಿ ಕೊಡುತ್ತೇವೆ ಅಂದರೆ ಅವರು ಅದಕ್ಕೆ ಬದಲಾಗಿ ಏನನ್ನೂ ಬಿಟ್ಟುಕೊಡುವುದಿಲ್ಲ.

ಮುಂಬೈಯಲ್ಲಿ ಹಾಗಲ್ಲ. ಅಲ್ಲಿ 1995ರಿಂದ ಕೊಳೆಗೇರಿಯವರಿಗೆ ಉಚಿತ ಮನೆ ಕಟ್ಟಿಕೊಟ್ಟ ಬಿಲ್ಡರ್‌ಗೆ ಮಾರಾಟಕ್ಕೆ ಹೆಚ್ಚುವರಿ ಕಟ್ಟಡ ಸಿಗುತ್ತದೆ. ಅಲ್ಲಿ ಒಂದೊಂದು ಅಡಿಗೂ ಬೆಲೆ ಇದೆ. ಅದನ್ನು ನೋಡಿ ನಮ್ಮ ಊರಿಗೂ ಎಫ್‌ಎಆರ್ ಹೆಚ್ಚಿಸಿದರೆ ಸಾಕು ಅಂದುಕೊಳ್ಳುವುದು ತಪ್ಪು. ಇಲ್ಲಿ ಬಿಲ್ಡರ್ ಕೈ ಕಟ್ಟಿರುವುದು ಪಾರ್ಕಿಂಗ್, ಸೆಟ್‌ಬ್ಯಾಕ್. ಬಿಚ್ಚುವುದಾದರೆ ಅದನ್ನು ಬಿಚ್ಚಬೇಕು, ಅದೂ ಅಗ್ಗದ ಮನೆಗೆ ಬದಲಾಗಿ ಮಾತ್ರ. ಸುಮ್ನೆ ಎಲ್ಲರಿಗೂ ಸಡಿಲ ಮಾಡಿದರೆ, ಅಥವಾ ಶುಲ್ಕ ಕಟ್ಟಿಸಿಕೊಂಡು ಮಾರಿಬಿಟ್ಟರೆ, ಆಮೇಲೆ ಮನೆ ಕೇಳಲು ನಗರದ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ.

ನನ್ನ ಗೆಳತಿ ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಊರೊಳಗೆ ಬಾಡಿಗೆ ಕೊಡಲಾಗದೆ ಅಂಕೋಲಾದಿಂದ ದಿನಾ ಬಸ್ಸಿಗೆ ಬರುತ್ತಾಳೆ. ಅವಳ ಹತ್ತಿರ ಕಾರಿಲ್ಲ. ಆದರೂ ಅವಳಿಗೆ ಮನೆ ಕಟ್ಟಬೇಕಾದರೆ ಕೆಳಗೆ ಕಾರಿಗೆ ಜಾಗ ಬಿಡಬೇಕು!

ಹಬ್ಬುವಾಡದ ನಕ್ಷೆಯನ್ನು ಒಂದು ಭಾನುವಾರ ಮತ್ತೆ ಬರೆದೆ. ಒಂಬತ್ತು ಮನೆ ಹಾಗೇ ಬಿಟ್ಟು, ಉಳಿದ ಎಫ್‌ಎಆರ್‌ನಲ್ಲಿ ಒಂದು ಬೆಡ್‌ರೂಮಿನ ಮೂರು ಮನೆ ಸೇರಿಸಿದೆ. ಮೂರಕ್ಕೂ ಕಾರಿಲ್ಲ, ಸ್ಕೂಟರ್ ನಿಲ್ಲಿಸಲು ಜಾಗ ಅಷ್ಟೇ. ಎರಡು ಮನೆ ಕಡಿಮೆ ಬಾಡಿಗೆಗೆ, ಒಂದು ಬಾವನಿಗೆ. ಈಗಿನ ನಿಯಮದಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದಿಲ್ಲ. ಬಾವ ತುಂಬಾ ಹೊತ್ತು ನೋಡಿ, "ಲೆಕ್ಕ ಕೂಡ್ತದೆ. ಆದ್ರೆ ಹತ್ತು ವರ್ಷ ಆದ್ಮೇಲೆ ಬಾಡಿಗೆ ಎಷ್ಟು ತಗೊಳ್ತಾರೆ ಅಂತ ಯಾರು ನೋಡ್ತಾರೆ?" ಅಂದರು.

ಸರಿಯಾದ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಮನೆಗಳಿಗೆ ಆ ಷರತ್ತು 55 ವರ್ಷ. ಅದನ್ನು ಆಸ್ತಿಯ ದಾಖಲೆಯಲ್ಲೇ ಬರೆಸುತ್ತಾರೆ. ಕಟ್ಟಡ ಮಾರಿದರೂ ಷರತ್ತು ಹೊಸ ಮಾಲೀಕನ ಬೆನ್ನು ಬಿಡುವುದಿಲ್ಲ. ನಮ್ಮಲ್ಲಿ ಇ-ಖಾತಾದಲ್ಲಿ ಒಂದು ಸಾಲು ಸೇರಿಸಬಹುದಲ್ಲ ಅಂದೆ.

ಆ ಸಾಲನ್ನೂ ಸೇರಿಸಿ ನಕ್ಷೆಯ ಜೊತೆ ಎರಡು ಪುಟದ ಪತ್ರ ಬರೆದೆ. ಕಳೆದ ಸೋಮವಾರ ಬಾವನೂ ನಾನೂ ಹೋಗಿ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಯಲ್ಲಿ ಕೊಟ್ಟು ಬಂದೆವು.