ಬೆಂಕಿ ಹತ್ತಿತು, ಕಬ್ಬಿಣ ಕಾಯಲಿಲ್ಲ

ಮೊದಲ ದಿನ ನನ್ನ ಗ್ಯಾಸ್ ಕುಲುಮೆ ಭರ್ಜರಿಯಾಗಿ ಉರಿಯಿತು. ಬಾಯಿಂದ ಒಂದಡಿ ಉದ್ದದ ಜ್ವಾಲೆ, ಜೋರು ಸದ್ದು, ನೋಡೋಕೇ ಖುಷಿ. ಒಳಗಿಟ್ಟ ಸರಳು ಮಾತ್ರ ಇಪ್ಪತ್ತು ನಿಮಿಷವಾದರೂ ಮಂಕು ಕೆಂಪು ದಾಟಲಿಲ್ಲ. ಗ್ಯಾಸ್ ಸಾಲದೇನೋ ಅಂತ ರೆಗ್ಯುಲೇಟರನ್ನು 15 ಪಿಎಸ್‌ಐಗೆ (ಇದು ಒತ್ತಡದ ಅಳತೆ) ತಿರುಗಿಸಿದೆ. ಜ್ವಾಲೆ ಇನ್ನೂ ಉದ್ದವಾಯಿತು. ಸರಳು ಇದ್ದ ಹಾಗೇ ಇತ್ತು.

ನಾನು ಹೆಮ್ಮೆಯಿಂದ ನೋಡುತ್ತಿದ್ದ ಆ ಜ್ವಾಲೆ ಏನು ಅಂತ ಆಮೇಲೆ ಗೊತ್ತಾಯಿತು. ಒಳಗೆ ಉರಿಯಬೇಕಾದ ಗ್ಯಾಸ್ ಸಾಕಷ್ಟು ಗಾಳಿ ಸಿಗದೆ ಹೊರಗೆ ಬಂದು, ಅಲ್ಲಿ ಗಾಳಿ ಸಿಕ್ಕ ಮೇಲೆ ಉರಿಯುತ್ತಿತ್ತು. ಅಂದರೆ ಅಂಗಳ ಕಾಯಿಸುತ್ತಿದ್ದೆ, ಕಬ್ಬಿಣವನ್ನಲ್ಲ.

ತಪ್ಪು ಬರ್ನರ್‌ನಲ್ಲಿ ಅಷ್ಟಾಗಿ ಇರಲಿಲ್ಲ. ತಿಂಗಳುಗಟ್ಟಲೆ ಬರ್ನರ್ ಬಗ್ಗೆಯೇ ತಲೆ ಕೆಡಿಸಿಕೊಂಡು, ಅದನ್ನು ಕೂರಿಸುವ ಡಬ್ಬವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದೆ. ಮುಕ್ಕಾಲು ಇಂಚಿನ ಒಂದು ಬರ್ನರ್ ಸುಮಾರು 350 ಘನ ಇಂಚು ಜಾಗ ಕಾಯಿಸುತ್ತದೆ ಅನ್ನುವುದು ಹವ್ಯಾಸಿಗಳ ಲೆಕ್ಕ. ಅದು ಆರು ಲೀಟರಿಗೂ ಸ್ವಲ್ಪ ಕಡಿಮೆ. ನನ್ನ ಡಬ್ಬ ಅದರ ಎರಡರಷ್ಟಿತ್ತು. ದೊಡ್ಡದಿದ್ದರೆ ಮುಂದೆ ಅನುಕೂಲ ಅಂದುಕೊಂಡಿದ್ದೆ, ಎಲ್ಲ ಹೊಸಬರ ಹಾಗೆ. ಒಳಗೆ ಶಾಖ ಹೊರಹೋಗದಂತೆ ತಡೆಯುವ ನಾರಿನ ಹೊದಿಕೆ, ಅಂದರೆ ಸೆರಾಮಿಕ್ ಫೈಬರ್ ಬ್ಲಾಂಕೆಟ್ ಹಾಕಿದ್ದೇನೋ ನಿಜ, ಆದರೆ ಒಂದೇ ಪದರ. ಹಿಂದಿನ ಬಾಯಿ ಪೂರ್ತಿ ತೆರೆದೇ ಇತ್ತು.

ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಈ ಸಲ ಚಿಕ್ಕ ಡಬ್ಬ, 25 ಮಿಲಿಮೀಟರಿನ ಎರಡು ಪದರ, ಕೆಳಗೆ ಬೆಂಕಿ ಇಟ್ಟಿಗೆ. ಬ್ಲಾಂಕೆಟ್ ತಾಳುವ ಶಾಖ 1260 ಡಿಗ್ರಿ ಅಂತ ಬರೆದಿರುತ್ತದೆ, ಆದರೆ ಅದನ್ನು ಹಾಗೇ ಬೆತ್ತಲೆ ಬಿಡಬಾರದು. ಅದರ ಸಣ್ಣ ನಾರು ಗಾಳಿಗೆ ಹಾರಿ ಶ್ವಾಸಕೋಶಕ್ಕೆ ಸೇರುತ್ತದೆ, ಮೇಲಾಗಿ ಸಾವಿರ ಡಿಗ್ರಿ ದಾಟಿ ಕಾದ ನಾರಿನಲ್ಲಿ ಕ್ರಿಸ್ಟೊಬಲೈಟ್ ಅನ್ನುವ ಸಿಲಿಕಾ ಹರಳು ಹುಟ್ಟುತ್ತದೆ, ಅದು ಇನ್ನೂ ಕೆಟ್ಟದ್ದು. ಆದ್ದರಿಂದ ಹಳೆಯ ಬ್ಲಾಂಕೆಟ್ ಕೀಳುವಾಗ ಕೂಡ ಒಳ್ಳೆ ಮಾಸ್ಕ್ ಬೇಕು, ಬಟ್ಟೆ ಕಟ್ಟಿಕೊಂಡರೆ ಸಾಲದು. ಮೊದಲು ಸಿಲಿಕಾ ದ್ರಾವಣ ಸಿಂಪಡಿಸಿ ನಾರು ಗಟ್ಟಿ ಮಾಡಿದೆ, ಮೇಲೆ ಬೆಂಕಿ ತಾಳುವ ಲೇಪ ಬಳಿದೆ. ಲೇಪ ಒಣಗುವವರೆಗೆ ಕಾಯೋಕೆ ನನ್ನಿಂದ ಆಗಲಿಲ್ಲ. ಹಸಿ ಇರುವಾಗಲೇ ಹಚ್ಚಿದ್ದಕ್ಕೆ ಒಳಗಿನ ನೀರು ಆವಿಯಾಗಿ ಒಂದು ಅಂಗೈಯಷ್ಟು ಲೇಪ ಸಿಡಿದು ಬಿತ್ತು. ಮತ್ತೆ ಬಳಿದೆ, ಈ ಸಲ ದಿನಗಟ್ಟಲೆ ಸುಮ್ನೆ ಬಿಟ್ಟೆ.

ಗ್ಯಾಸ್ ವಿಷಯದಲ್ಲೂ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆಯೇ. ಅಡುಗೆ ಒಲೆಯ ರೆಗ್ಯುಲೇಟರ್ ಇಲ್ಲಿ ನಡೆಯುವುದಿಲ್ಲ, ಅದು ಕೊಡುವುದು ಸುಮಾರು ಅರ್ಧ ಪಿಎಸ್‌ಐ ಮಾತ್ರ. ಒತ್ತಡ ಹೆಚ್ಚು ಕಡಿಮೆ ಮಾಡಬಹುದಾದ ಹೈ ಪ್ರೆಶರ್ ರೆಗ್ಯುಲೇಟರ್, ಅದಕ್ಕೆ ತಕ್ಕ ಹೋಸ್ ಬೇಕು. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ನನ್ನದರಲ್ಲಿ ಒಂದು ಕಡೆ ಬಂತು.

ಇನ್ನು ಹಚ್ಚುವ ಕ್ರಮ. ನಾನು ಮೊದಲು ಗ್ಯಾಸ್ ಬಿಟ್ಟು ಆಮೇಲೆ ಲೈಟರ್ ಹುಡುಕಿದೆ. ಧಡ್ ಅಂತ ಸದ್ದು, ಮುಂಗೈ ಕೂದಲು ಪೂರ್ತಿ ಮಾಯ! ಮೊದಲು ಒಳಗೆ ಉರಿ ಇಡಬೇಕು, ಆಮೇಲೆ ವಾಲ್ವ್ ತಿರುಗಿಸಬೇಕು. ಆರಿಸುವಾಗ ಮೊದಲು ಸಿಲಿಂಡರ್ ಮುಚ್ಚಿ, ಹೋಸ್‌ನಲ್ಲಿ ಉಳಿದದ್ದು ಉರಿದು ಹೋಗಲಿ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ಕೂರುತ್ತದೆ. ನೆಲಮಾಳಿಗೆಯಲ್ಲಿ ಕುಲುಮೆ ಇಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಾನು ಎರಡೂ ಬಾಗಿಲು ತೆರೆದು, ಒಂದು ಅಲಾರಂ ತೂಗುಹಾಕಿಯೇ ಕೆಲಸ ಶುರು ಮಾಡುತ್ತೇನೆ.

ಮುಕ್ಕಾಲು ಗಂಟೆಯಾದ ಮೇಲೆ ಸಿಲಿಂಡರ್ ಮೇಲೆ ಹಿಮ ಕಟ್ಟಿ ಒತ್ತಡ ಇಳಿದರೆ ಗಾಬರಿ ಬೇಡ. ಒಳಗಿನ ದ್ರವ ಗ್ಯಾಸ್ ಆಗೋಕೆ ಶಾಖ ಬೇಕು, ಅದನ್ನು ತನ್ನಿಂದಲೇ ಎಳೆದುಕೊಂಡು ತಣ್ಣಗಾಗುತ್ತದೆ. ದೊಡ್ಡ ಸಿಲಿಂಡರ್ ಇದ್ದರೆ ಈ ತೊಂದರೆ ಕಡಿಮೆ. ಬಿಸಿ ಮಾಡೋಕೆ ಮಾತ್ರ ಹೋಗಬೇಡಿ.

ಹೊಂದಿಸುವ ಕೆಲಸ ಕಣ್ಣಿಗಿಂತ ಕಿವಿಯದ್ದು ಜಾಸ್ತಿ. ಒತ್ತಡ ತೀರಾ ಇಳಿದರೆ ಜ್ವಾಲೆ ಬರ್ನರ್ ಕೊಳವೆಯೊಳಗೆ ಹಿಂದಕ್ಕೆ ನುಗ್ಗಿ ಪಟ್ ಪಟ್ ಅನ್ನುತ್ತದೆ. ಸರಿ ಇದ್ದರೆ ಒಂದೇ ಸಮನೆ ಮೊರೆಯುತ್ತದೆ. ಗಾಳಿ ಜಾಸ್ತಿಯಾದರೆ ಕಬ್ಬಿಣದ ಮೇಲೆ ಕಪ್ಪು ಹಕ್ಕಳೆ ದಪ್ಪವಾಗಿ ಏಳುತ್ತದೆ, ಆಗ ಬರ್ನರ್‌ಗೆ ಗಾಳಿ ಬಿಡುವ ಚೋಕ್ ಒಂಚೂರು ಮುಚ್ಚುತ್ತೇನೆ. ಇದನ್ನು ಬರೆದು ಕಲಿಸೋಕೆ ಆಗಲ್ಲ, ಒಂದೆರಡು ಸಂಜೆ ಸುಮ್ನೆ ಅದರ ಮುಂದೆ ಕೂತು ಕೇಳಬೇಕು ಅಷ್ಟೇ.

ಕೊನೆಗೆ ಒಂದು ಸಂಜೆ ಹಿಂದಿನ ಬಾಯಿಗೆ ಇಟ್ಟಿಗೆ ಇಟ್ಟು, ಬರೀ 5 ಪಿಎಸ್‌ಐನಲ್ಲಿ ಹಚ್ಚಿದೆ. ಹೊರಗೆ ಬಂದದ್ದು ಗೇಣುದ್ದದ ಮಂಕು ಜ್ವಾಲೆ, ಫೋಟೋ ತೆಗೆಯೋಕೂ ಲಾಯಕ್ಕಿಲ್ಲ. ಒಳಗಿನ ಗೋಡೆ ಮಾತ್ರ ತಾನೇ ಬೆಳಗುತ್ತಿತ್ತು. ಅದೇ ಹಳೆ ಸರಳು ಐದೇ ನಿಮಿಷಕ್ಕೆ ಕಿತ್ತಳೆ ಬಣ್ಣಕ್ಕೆ ಬಂತು. ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಇಟ್ಟು ಕೈ ಚಾಚಿದೆ. ಸುತ್ತಿಗೆ ಇನ್ನೂ ಕೊಂಡು ತಂದ ಪೆಟ್ಟಿಗೆಯಲ್ಲೇ ಇತ್ತು.